ಸತ್ತವರ ಪಟ್ಟಿಯಲ್ಲಿದ್ದ ಸೈನಿಕ: ಪ್ಯಾರಾಟ್ರೂಪರ್ ಜೋ ಬೈರ್ಲಿ ಪ್ರಕರಣ

1945ರ ಫೆಬ್ರವರಿ. ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಗೆ ಒಬ್ಬ ಹುಡುಗ ಬಂದ. ವಯಸ್ಸು 21. ಮೈಮೇಲಿನ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ. ಹೆಸರು ಜೋಸೆಫ್ ಬೈರ್ಲಿ, ಅಮೆರಿಕನ್ ಸೇನೆಯ ಪ್ಯಾರಾಟ್ರೂಪರ್ ಎಂದು ಹೇಳಿಕೊಂಡ. ಅಧಿಕಾರಿಗಳು ದಾಖಲೆ ನೋಡಿದರು. ಆ ಹೆಸರಿನ ಸೈನಿಕ ಇದ್ದದ್ದು ನಿಜ. ಆದರೆ ಅವನು 1944ರ ಜೂನ್ 10ರಂದು ಫ್ರಾನ್ಸಿನಲ್ಲಿ ಯುದ್ಧದಲ್ಲಿ ಸತ್ತಿದ್ದ. ಹಾಗಾದರೆ ಈಗ ಮೇಜಿನ ಮುಂದೆ ನಿಂತಿರುವವನು ಯಾರು?

ಯುದ್ಧದ ಕಾಲ. ಬೇಹುಗಾರರಿಗೆ ಕೊರತೆ ಇರಲಿಲ್ಲ. ಸತ್ತವನ ಹೆಸರು ಹೇಳಿಕೊಂಡು ಬಂದವನನ್ನು ಸುಮ್ನೆ ಒಳಗೆ ಬಿಟ್ಟುಕೊಳ್ಳುವಂತಿರಲಿಲ್ಲ. ಅವನನ್ನು ಮೆಟ್ರೊಪೋಲ್ ಹೋಟೆಲಿನಲ್ಲಿ ಇರಿಸಿ, ಕಾವಲಿಗೆ ಮರೀನ್ ಸೈನಿಕರನ್ನು ಹಾಕಿದರು. ಎಂಟು ತಿಂಗಳ ಹಿಂದೆ ಅಮೆರಿಕಕ್ಕಾಗಿ ವಿಮಾನದಿಂದ ಜಿಗಿದಿದ್ದ ಹುಡುಗನಿಗೆ ಈಗ ಅಮೆರಿಕದವರದೇ ಕಾವಲು.

ಜೋ ಬೈರ್ಲಿಯ ಕಥೆಯನ್ನು ಸಾಮಾನ್ಯವಾಗಿ ಸಾಹಸದ ಕಥೆಯಾಗಿ ಹೇಳುತ್ತಾರೆ. ಸಾಹಸ ಬೇಕಾದಷ್ಟಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ನನ್ನ ಗಮನ ಇರುವುದು ಬೇರೆ ಕಡೆ. ಬದುಕಿರುವ ಒಬ್ಬ ಸೈನಿಕ ತನ್ನದೇ ಸೇನೆಯ ಲೆಕ್ಕದಲ್ಲಿ ಸತ್ತದ್ದು ಹೇಗೆ? ಆಮೇಲೆ ಬದುಕಿ ಬಂದದ್ದು ಹೇಗೆ?

ಮಸ್ಕೀಗನ್ನಿನ ಹುಡುಗ

ಜೋ ಹುಟ್ಟಿದ್ದು 1923ರ ಆಗಸ್ಟ್ 25ರಂದು, ಮಿಶಿಗನ್ ರಾಜ್ಯದ ಮಸ್ಕೀಗನ್‌ನಲ್ಲಿ. ಕಾರ್ಖಾನೆಗಳ ಊರು ಅದು, ಮಿಶಿಗನ್ ಸರೋವರದ ದಡದಲ್ಲಿದೆ. ಏಳು ಮಕ್ಕಳಲ್ಲಿ ಇವನು ಮೂರನೆಯವನು. 1929ರ ನಂತರದ ಮಹಾಕುಸಿತದಲ್ಲಿ ಅಪ್ಪನ ಕಾರ್ಖಾನೆ ಕೆಲಸ ಹೋಯಿತು, ಮನೆಯನ್ನೂ ಬಿಡಬೇಕಾಯಿತು. ಸಂಸಾರವೆಲ್ಲ ಅಜ್ಜಿಯ ಮನೆ ಸೇರಿತು. ಇಬ್ಬರು ಅಣ್ಣಂದಿರು ಸಿಸಿಸಿ ಎಂಬ ಸರ್ಕಾರಿ ಯೋಜನೆಗೆ ಸೇರಿದರು. ಕಾಡು, ರಸ್ತೆ, ಉದ್ಯಾನಗಳಲ್ಲಿ ನಿರುದ್ಯೋಗಿ ಯುವಕರಿಗೆ ಕೆಲಸ ಕೊಡುವ ಯೋಜನೆ ಅದು. ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ 25 ನೇರ ಮನೆಗೆ. ಆ ಹಣದಿಂದಲೇ ಮನೆ ನಡೆಯಿತು, ಜೋ ಓದು ಮುಂದುವರಿಸಿದ.

1942ರಲ್ಲಿ ಹೈಸ್ಕೂಲು ಮುಗಿಯಿತು. ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನ ಸಿಗುವುದಿತ್ತು. ಅದನ್ನು ಬಿಟ್ಟು ಸೇನೆಗೆ ಸೇರಿದ. ಅದೂ ಪ್ಯಾರಾಟ್ರೂಪರ್ ಆಗಬೇಕೆಂದು ಕೇಳಿಕೊಂಡು. ಆಗ ಸಾಮಾನ್ಯ ಸೈನಿಕನ ಸಂಬಳ ತಿಂಗಳಿಗೆ 50 ಡಾಲರ್. ವಿಮಾನದಿಂದ ಜಿಗಿಯುವವರಿಗೆ ಇನ್ನೊಂದು 50 ಡಾಲರ್ ಭತ್ಯೆ. ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟ ಹುಡುಗನಿಗೆ ಇದು ಸಣ್ಣ ಮೊತ್ತವಲ್ಲ. ದೇಶಭಕ್ತಿಯ ಜೊತೆಗೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅವನ ತುಕಡಿ 506ನೇ ಪ್ಯಾರಾಚೂಟ್ ಇನ್‌ಫೆಂಟ್ರಿ ರೆಜಿಮೆಂಟ್, ಮೂರನೇ ಬೆಟಾಲಿಯನ್, ಐ ಕಂಪನಿ. ತರಬೇತಿ ನಡೆದದ್ದು ಜಾರ್ಜಿಯಾ ರಾಜ್ಯದ ಟಕೋವಾ ಶಿಬಿರದಲ್ಲಿ. ಪಕ್ಕದಲ್ಲೇ ಕರಾಹೀ ಬೆಟ್ಟ. ಮೂರು ಮೈಲಿ ಹತ್ತಬೇಕು, ಮೂರು ಮೈಲಿ ಇಳಿಯಬೇಕು, ಅದೂ ಓಡುತ್ತಾ. ತಡೆಯಲಾಗದವರು ಗಂಟುಮೂಟೆ ಕಟ್ಟುತ್ತಿದ್ದರು. ಉಳಿದವರು ಫೋರ್ಟ್ ಬೆನ್ನಿಂಗ್‌ನಲ್ಲಿ ಐದು ಸಲ ಜಿಗಿದು ರೆಕ್ಕೆಯ ಬ್ಯಾಡ್ಜ್ ಪಡೆದರು. ಜೋ ರೇಡಿಯೊ ಮತ್ತು ಸ್ಫೋಟಕಗಳ ಕೆಲಸ ಕಲಿತ. ಈ ಎರಡೂ ಮುಂದೆ ಅವನ ಜೀವ ಉಳಿಸಿದವು.

ಜಿಗಿಯಲು ಹಿಂಜರಿಯುವ ಗೆಳೆಯರ ಬದಲು ಐದು ಡಾಲರ್ ತೆಗೆದುಕೊಂಡು ಇವನೇ ಜಿಗಿಯುತ್ತಿದ್ದನಂತೆ. 'ಜಂಪಿಂಗ್ ಜೋ' ಎಂಬ ಅಡ್ಡಹೆಸರು ಬಂದದ್ದು ಹೀಗೆ. ಬೇರೆಯವರ ಹೆಸರಲ್ಲಿ ವಿಮಾನ ಹತ್ತುವುದು ಅವನಿಗೆ ಹೊಸದಲ್ಲ ಅಂತಾಯಿತು. 1943ರಲ್ಲಿ ರೆಜಿಮೆಂಟು 101ನೇ ಏರ್‌ಬೋರ್ನ್ ಡಿವಿಷನ್‌ಗೆ ಸೇರಿ ಇಂಗ್ಲೆಂಡಿಗೆ ಹೋಯಿತು. ಜೋ ಇದ್ದದ್ದು ರಾಮ್ಸ್‌ಬರಿ ಎಂಬ ಹಳ್ಳಿಯಲ್ಲಿ. 1944ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಅವನನ್ನು ಗುಟ್ಟಾಗಿ ಎರಡು ಬಾರಿ ಫ್ರಾನ್ಸಿಗೆ ಇಳಿಸಿದರು. ಜರ್ಮನರ ವಿರುದ್ಧ ಒಳಗೊಳಗೇ ಹೋರಾಡುತ್ತಿದ್ದ ಫ್ರೆಂಚರಿಗೆ ಚಿನ್ನ ತಲುಪಿಸುವ ಕೆಲಸ. ಎರಡೂ ಸಲ ಸುರಕ್ಷಿತವಾಗಿ ವಾಪಸ್ ಬಂದ.

ಚರ್ಚಿನ ಮಾಳಿಗೆಯ ಮೇಲೆ

1944ರ ಜೂನ್ 5ರ ರಾತ್ರಿ ಸಾವಿರಾರು ಪ್ಯಾರಾಟ್ರೂಪರುಗಳು ಇಂಗ್ಲೆಂಡಿನಿಂದ ಫ್ರಾನ್ಸಿನ ನಾರ್ಮಂಡಿಯತ್ತ ಹೊರಟರು. ಮೂರನೇ ಬೆಟಾಲಿಯನ್‌ಗೆ ಕೊಟ್ಟಿದ್ದ ಕೆಲಸ ಬ್ರೆವಾಂ ಹತ್ತಿರ ದೂವ್ ನದಿಯ ಎರಡು ಸೇತುವೆಗಳನ್ನು ಹಿಡಿಯುವುದು. ಕಾರಂಟಾನ್ ಕಡೆಯಿಂದ ಜರ್ಮನರು, ಅಮೆರಿಕನ್ ಪಡೆ ಇಳಿಯಲಿದ್ದ ಯೂಟಾ ಕಡಲತೀರದತ್ತ ಬಾರದಂತೆ ತಡೆಯಬೇಕಿತ್ತು.

ನಕ್ಷೆಯ ಮೇಲೆ ಎಲ್ಲ ಸರಿಯಾಗಿತ್ತು. ನೆಲದಿಂದ ಗುಂಡಿನ ಮಳೆ ಶುರುವಾದಾಗ ವಿಮಾನಗಳು ಚದುರಿದವು. ಜೋ ಇಳಿದದ್ದು ಸೇಂ-ಕೋಮ್-ದ್ಯು-ಮೋಂ ಎಂಬ ಹಳ್ಳಿಯ ಚರ್ಚಿನ ಮಾಳಿಗೆಯ ಮೇಲೆ. ಅಲ್ಲಿಂದ ಜಾರಿ ನೆಲಕ್ಕೆ ಬಂದಾಗ ಸುತ್ತ ತನ್ನವರು ಒಬ್ಬರೂ ಇಲ್ಲ. ಬೆಟಾಲಿಯನ್‌ನ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ರಾಬರ್ಟ್ ವೂಲ್ವರ್ಟನ್ ಅದೇ ರಾತ್ರಿ ಇಳಿಯುವಾಗಲೇ ಸತ್ತಿದ್ದ. ಜೋ ಒಬ್ಬನೇ ಅಲೆದಾಡಿದ. ಜೊತೆಗಿದ್ದ ಸ್ಫೋಟಕ ಇಟ್ಟು ಒಂದು ವಿದ್ಯುತ್ ಕೇಂದ್ರವನ್ನು ಹಾಳುಗೆಡವಿದ. ಸೇತುವೆಗಳ ಕಡೆ ಹೋಗುವ ಹಾದಿಯಲ್ಲಿ ಜರ್ಮನರ ಕೈಗೆ ಸಿಕ್ಕಿಬಿದ್ದ. ಅವನ ಅಮೆರಿಕನ್ ಯುದ್ಧ ಅಲ್ಲಿಗೆ ಮುಗಿಯಿತು.

ಎರಡು ಬಿಲ್ಲೆಗಳ ಲೆಕ್ಕ

ಪ್ರಕರಣದ ಗಂಟು ಇರುವುದು ಇಲ್ಲಿ.

ಪ್ರತಿ ಅಮೆರಿಕನ್ ಸೈನಿಕನ ಕೊರಳಲ್ಲಿ ಎರಡು ಲೋಹದ ಬಿಲ್ಲೆ ಇರುತ್ತಿದ್ದವು. ಹೆಸರು, ಸೈನಿಕ ಸಂಖ್ಯೆ, ಧನುರ್ವಾಯು ಚುಚ್ಚುಮದ್ದಿನ ವರ್ಷ, ರಕ್ತದ ಗುಂಪು, ಮತದ ಒಂದಕ್ಷರ. ಅಷ್ಟೇ. ಸೈನಿಕ ಸತ್ತರೆ ಒಂದು ಬಿಲ್ಲೆ ಹೆಣದ ಜೊತೆ ಉಳಿಯುತ್ತದೆ, ಇನ್ನೊಂದು ಲೆಕ್ಕಕ್ಕೆ ಹೋಗುತ್ತದೆ. ಮುಖ ಗುರುತು ಸಿಗದಷ್ಟು ಕೆಟ್ಟಿದ್ದರೂ ಹೆಸರು ಸಿಗಲಿ ಎಂಬುದೇ ಇದರ ಉದ್ದೇಶ. ಕೋಟಿಗೂ ಮೀರಿದ ಜನರಿದ್ದ ಸೇನೆಗೆ ಇದಕ್ಕಿಂತ ಸರಳವಾದ, ಅಗ್ಗದ ದಾರಿ ಆಗ ಇರಲಿಲ್ಲ.

ಆದರೆ ಇಡೀ ವ್ಯವಸ್ಥೆ ಒಂದು ನಂಬಿಕೆಯ ಮೇಲೆ ನಿಂತಿತ್ತು. ಬಿಲ್ಲೆಯೂ ಅದನ್ನು ಹಾಕಿಕೊಂಡ ಮನುಷ್ಯನೂ ಬೇರೆಯಾಗುವುದಿಲ್ಲ ಎಂಬ ನಂಬಿಕೆ. ಯುದ್ಧಕೈದಿಗಳ ಕುರಿತ 1929ರ ಜಿನೀವಾ ಒಪ್ಪಂದವೂ ಇದನ್ನೇ ಹೇಳುತ್ತದೆ. ಕೈದಿಯ ಗುರುತಿನ ಕಾಗದ, ಬಿಲ್ಲೆಗಳನ್ನು ಕಿತ್ತುಕೊಳ್ಳಬಾರದು. ಜರ್ಮನಿ ಆ ಒಪ್ಪಂದಕ್ಕೆ ಸಹಿ ಹಾಕಿತ್ತು. ಆದರೂ ಜೋನ ಬಿಲ್ಲೆಗಳು ಹೋದವು. ಆಮೇಲೆ ನಾರ್ಮಂಡಿಯಲ್ಲಿ ಒಂದು ಹೆಣ ಸಿಕ್ಕಿತು. ಮೈಮೇಲೆ ಅಮೆರಿಕನ್ ಸಮವಸ್ತ್ರ, ಕೊರಳಲ್ಲಿ ಜೋನ ಬಿಲ್ಲೆ. ಅಮೆರಿಕನ್ನರ ವೇಷದಲ್ಲಿ ನುಸುಳಲು ಹೋದ ಜರ್ಮನ್ ಸೈನಿಕ ಇವನು ಎಂಬುದೇ ಈಗ ಒಪ್ಪಿರುವ ವಿವರಣೆ. ಹೆಣವನ್ನು ಪರೀಕ್ಷಿಸಿದವರಿಗೆ ಅದೆಲ್ಲ ಗೊತ್ತಾಗುವ ಹಾಗಿರಲಿಲ್ಲ. ಬಿಲ್ಲೆ ಓದಿದರು, ಬರೆದುಕೊಂಡರು, ಹೂಳಿದರು.

ಅವರನ್ನು ಬೈಯುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಸಮವಸ್ತ್ರ ಹೊಂದುತ್ತಿತ್ತು, ಬಿಲ್ಲೆ ಹೊಂದುತ್ತಿತ್ತು, ಆ ಸೈನಿಕ ಅದೇ ಪ್ರದೇಶದಲ್ಲಿ ಕಾಣೆಯಾದದ್ದೂ ಹೊಂದುತ್ತಿತ್ತು. ಮೂರೂ ಹೊಂದಿದ ಮೇಲೆ, ದಿನಕ್ಕೆ ಎಷ್ಟೋ ಹೆಣ ನೋಡುವವರು ನಾಲ್ಕನೆಯದನ್ನು ಯಾಕೆ ಹುಡುಕುತ್ತಾರೆ?

ಇದನ್ನು ಸರಿಪಡಿಸುವ ಇನ್ನೊಂದು ದಾರಿ ಇತ್ತು. ಅದೇ ಒಪ್ಪಂದದ ಪ್ರಕಾರ, ಸೆರೆ ಹಿಡಿದ ದೇಶ ತನ್ನಲ್ಲಿರುವ ಕೈದಿಗಳ ಹೆಸರನ್ನು ಜಿನೀವಾದ ರೆಡ್‌ಕ್ರಾಸ್ ಮೂಲಕ ಎದುರಾಳಿಗೆ ತಿಳಿಸಬೇಕು. ಜರ್ಮನರು ಜೋನ ಫೋಟೊ ತೆಗೆದು, ಕೈದಿ ಸಂಖ್ಯೆ ಕೊಟ್ಟು, ಚೀಟಿ ಬರೆದಿದ್ದರು. ಆ ಫೋಟೊ ಇವತ್ತಿಗೂ ಇದೆ. ಕೆದರಿದ ಕೂದಲು, ಕ್ಯಾಮೆರಾವನ್ನೇ ಸುಡುವಂಥ ನೋಟ. ಅಂದರೆ ಶತ್ರುವಿನ ಕಡತದಲ್ಲಿ ಜೋ ಬದುಕಿದ್ದ, ಸ್ವಂತ ಸೇನೆಯ ಕಡತದಲ್ಲಿ ಸತ್ತಿದ್ದ. ಒಂದು ಕಡತ ಇನ್ನೊಂದನ್ನು ಮುಟ್ಟಬೇಕಾದರೆ ಶಿಬಿರದಿಂದ ಬರ್ಲಿನ್, ಬರ್ಲಿನ್‌ನಿಂದ ಜಿನೀವಾ, ಜಿನೀವಾದಿಂದ ವಾಷಿಂಗ್ಟನ್ ದಾಟಬೇಕು. ಬಾಂಬು ಬೀಳುತ್ತಿದ್ದ ಯುರೋಪಿನಲ್ಲಿ ಅದು ವಾರಗಳ ಮಾತಲ್ಲ. ಬಿಲ್ಲೆಯ ಸುದ್ದಿಗೆ ಈ ಸುತ್ತು ಬೇಕಾಗಿರಲಿಲ್ಲ. ಅದು ನೇರ ಬಂತು.

ಮಸ್ಕೀಗನ್‌ನಲ್ಲಿ ಅಪ್ಪ ಅಮ್ಮನಿಗೆ ಮಗ ಸತ್ತ ಸುದ್ದಿ ತಲುಪಿತು. ಊರಿನ ಪತ್ರಿಕೆಯಲ್ಲಿ ನಿಧನವಾರ್ತೆ ಬಂತು. 1944ರ ಸೆಪ್ಟೆಂಬರ್ 17ರಂದು ಅವರ ಸೇಂಟ್ ಜೋಸೆಫ್ ಚರ್ಚಿನಲ್ಲಿ ಅವನ ಆತ್ಮಕ್ಕಾಗಿ ಬಲಿಪೂಜೆ, ಅಂದರೆ ಕ್ಯಾಥೊಲಿಕರ ಪ್ರಾರ್ಥನಾವಿಧಿ, ನಡೆಯಿತು. ಅದೇ ದಿನ ಅವನ 101ನೇ ಡಿವಿಷನ್ ಹಾಲೆಂಡಿನಲ್ಲಿ ಪ್ಯಾರಾಚೂಟ್ ಬಿಚ್ಚುತ್ತಿತ್ತು. ಜೋ ಮಾತ್ರ ಜರ್ಮನರ ಮುಳ್ಳುತಂತಿಯ ಹಿಂದೆ ಇದ್ದ.

ಬರ್ಲಿನ್‌ನ ರೈಲು

ಸುಮಾರು ಏಳು ತಿಂಗಳಲ್ಲಿ ಏಳು ಸೆರೆತಾಣಗಳು. ಕೊನೆಯದು ಸ್ಟಾಲಾಗ್ 3-ಸಿ ಎಂಬ ಯುದ್ಧಕೈದಿ ಶಿಬಿರ. ಬರ್ಲಿನ್ನಿನ ಪೂರ್ವಕ್ಕೆ, ಓಡರ್ ನದಿಯ ಆಚೆ, ಕ್ಯೂಸ್ಟ್ರಿನ್ ಊರಿನ ಪಕ್ಕದ ಆಲ್ಟ್ ಡ್ರೆವಿಟ್ಸ್‌ನಲ್ಲಿ. ಇವತ್ತು ಅದು ಪೋಲೆಂಡಿನಲ್ಲಿದೆ. ಅಲ್ಲಿ ಸೋವಿಯತ್ ಕೈದಿಗಳೂ ಇದ್ದರು. ಅವರ ಸ್ಥಿತಿಯನ್ನು ಜೋ ಕಣ್ಣಾರೆ ಕಂಡ. ಅಮೆರಿಕನ್ನರಿಗೆ ರೆಡ್‌ಕ್ರಾಸ್ ಪೊಟ್ಟಣಗಳು ಆಗಾಗ ಬರುತ್ತಿದ್ದವು. ಸೋವಿಯತ್ ಒಕ್ಕೂಟ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ, ನಾಜಿಗಳು ಅದನ್ನೇ ನೆಪ ಮಾಡಿಕೊಂಡು ಆ ಕೈದಿಗಳನ್ನು ಹಸಿವಿಗೆ ಬಿಟ್ಟರು. ಜರ್ಮನರ ಕೈಗೆ ಸಿಕ್ಕ ಸೋವಿಯತ್ ಸೈನಿಕರಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು.

ಜೋ ಒಂದಕ್ಕಿಂತ ಹೆಚ್ಚು ಸಲ ತಪ್ಪಿಸಿಕೊಂಡ. ಒಂದು ಸಲ ಅವನೂ ಜೊತೆಗಾರರೂ ಪೂರ್ವಕ್ಕೆ ಹೋಗುತ್ತದೆ ಎಂದುಕೊಂಡು ಒಂದು ರೈಲು ಹತ್ತಿದರು. ಆ ರೈಲು ಹೋದದ್ದು ಬರ್ಲಿನ್ನಿಗೆ! ಅಲ್ಲಿ ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೊ ಕೈಗೆ ಬಿದ್ದರು. ಹೊಡೆದರು, ಹಿಂಸಿಸಿದರು. ಬರ್ಲಿನ್ನಿಗೆ ಪ್ಯಾರಾಚೂಟಿನಲ್ಲಿ ಇಳಿದ ಬೇಹುಗಾರ ಇವನು ಎಂದು ಹೇಳಿ ಗುಂಡಿಕ್ಕಲು ತಯಾರಾದರು. ಅಷ್ಟರಲ್ಲಿ ಜರ್ಮನ್ ಸೇನೆಯ ಅಧಿಕಾರಿಗಳು ಬಂದು, ಯುದ್ಧಕೈದಿಗಳ ಮೇಲೆ ಗೆಸ್ಟಾಪೊಗೆ ಅಧಿಕಾರವಿಲ್ಲ, ಇವರು ನಮ್ಮ ಕೈದಿಗಳು ಎಂದು ವಾಪಸ್ ಕರೆದೊಯ್ದರು.

ಇದನ್ನು ಕರುಣೆ ಎಂದು ನಾನು ಓದುವುದಿಲ್ಲ. ಎರಡು ಇಲಾಖೆಗಳ ಹಗ್ಗಜಗ್ಗಾಟ ಅದು. ಆದರೆ ಅವನನ್ನು 'ನಮ್ಮವನು' ಎಂದು ಕೇಳುವ ಹಕ್ಕು ಸೇನೆಗೆ ಬಂದದ್ದು ಎಲ್ಲಿಂದ? ಅವನು ಅವರ ಲೆಕ್ಕದಲ್ಲಿದ್ದ ಯುದ್ಧಕೈದಿ ಎಂಬುದರಿಂದ. ಅಮೆರಿಕದ ಕಡತ ಅವನನ್ನು ಹೂತುಹಾಕಿದ್ದ ಹೊತ್ತಿನಲ್ಲಿ ಜರ್ಮನಿಯ ಕಡತ ಅವನ ಜೀವ ಉಳಿಸಿತು.

ಲಕಿ ಸ್ಟ್ರೈಕ್ ಸಿಗರೇಟು

1945ರ ಜನವರಿ ಮೊದಲಲ್ಲಿ ಮತ್ತೆ ಓಡಿದ. ಈ ಸಲ ಆಚೆ ಬಂದು ಉಳಿದವನು ಇವನೊಬ್ಬನೇ. ಪಶ್ಚಿಮದಲ್ಲಿ ತನ್ನವರಿದ್ದದ್ದು ನೂರಾರು ಮೈಲಿ ಆಚೆ, ಮಧ್ಯೆ ಇಡೀ ಜರ್ಮನಿ. ಪೂರ್ವದಲ್ಲಿ ಫಿರಂಗಿಯ ಸದ್ದು ಹತ್ತಿರವಾಗುತ್ತಿತ್ತು. ಆ ಸದ್ದಿನ ಕಡೆಗೇ ನಡೆದ.

ಸೋವಿಯತ್ತಿನ ಕೆಂಪುಸೇನೆಯ ಟ್ಯಾಂಕುಗಳು ಎದುರಾದಾಗ ಎರಡೂ ಕೈ ಮೇಲೆತ್ತಿದ. ಒಂದು ಕೈಯಲ್ಲಿ ಲಕಿ ಸ್ಟ್ರೈಕ್ ಸಿಗರೇಟಿನ ಪ್ಯಾಕು. 'ಅಮೆರಿಕಾನ್ಸ್ಕಿ ತೊವಾರಿಶ್!' ಎಂದು ಕೂಗಿದ. ಅಮೆರಿಕನ್ ಸಂಗಾತಿ, ಅಂತ. ಕೊರಳಲ್ಲಿ ಬಿಲ್ಲೆ ಇಲ್ಲ, ಕೈಯಲ್ಲಿ ಕಾಗದ ಇಲ್ಲ. ಒಂದು ಸಿಗರೇಟು ಪ್ಯಾಕೇ ಆಗ ಅವನ ಗುರುತಿನ ಚೀಟಿ.

ಹಿಂದಕ್ಕೆ ಕಳಿಸಬೇಡಿ, ನಿಮ್ಮ ಜೊತೆ ಬರ್ಲಿನ್ನಿಗೆ ಬರುತ್ತೇನೆ ಎಂದು ಕೇಳಿಕೊಂಡ. ಅವರು ಒಪ್ಪಿದರು. ಕಾರಣ ಕೇವಲ ಸ್ನೇಹ ಇರಲಾರದು. ಆ ತುಕಡಿಯಲ್ಲಿ ಅಮೆರಿಕ ಕಳಿಸಿದ್ದ ಶರ್ಮನ್ ಟ್ಯಾಂಕುಗಳಿದ್ದವು. ಅಮೆರಿಕ ಯುದ್ಧದ ಉದ್ದಕ್ಕೂ ಲೆಂಡ್-ಲೀಸ್ ನೆರವಿನಲ್ಲಿ ಸೋವಿಯತ್ತಿಗೆ ಇಂಥ ಸಾವಿರಾರು ಟ್ಯಾಂಕು ಕಳಿಸಿತ್ತು. ಅಮೆರಿಕನ್ ರೇಡಿಯೊ ಗೊತ್ತಿರುವ, ಸ್ಫೋಟಕ ಗೊತ್ತಿರುವ ಹುಡುಗ ಕಾಲ್ನಡಿಗೆಯಲ್ಲಿ ತಾನಾಗಿ ಬಂದರೆ ಯಾರು ಬೇಡ ಅಂತಾರೆ, ಅಲ್ವಾ?

ಆ ಟ್ಯಾಂಕು ತುಕಡಿಯ ಮುಖ್ಯಸ್ಥೆ ಅಲೆಕ್ಸಾಂಡ್ರಾ ಸಮುಸೆಂಕೊ ಎಂಬ ಯುವತಿ ಎಂದು ಜೋ ಹೇಳುತ್ತಿದ್ದ. ಟ್ಯಾಂಕು ದಳದಲ್ಲಿ ಕ್ಯಾಪ್ಟನ್ ಹುದ್ದೆಗೇರಿದ ಹೆಣ್ಣುಮಗಳು ಆಕೆ. ಮುಂದಿನ ಮಾರ್ಚ್‌ನಲ್ಲಿ, ಯುದ್ಧ ಮುಗಿಯಲು ಎರಡು ತಿಂಗಳಿರುವಾಗ, ಸತ್ತಳು.

ಜನವರಿ ಕೊನೆಯಲ್ಲಿ ಇದೇ ಟ್ಯಾಂಕುಗಳು ಸ್ಟಾಲಾಗ್ 3-ಸಿಯ ಬೇಲಿ ಮುರಿದವು. ತಾನು ತಪ್ಪಿಸಿಕೊಂಡ ಶಿಬಿರಕ್ಕೇ ಜೋ ಟ್ಯಾಂಕಿನ ಮೇಲೆ ಕೂತು ಬಂದ. ಶಿಬಿರದ ಕಚೇರಿಯ ತಿಜೋರಿಯನ್ನು ಸ್ಫೋಟಕ ಇಟ್ಟು ತೆರೆಯುವ ಕೆಲಸ ಇವನಿಗೇ ಬಂತು.

ಅವನ ಎರಡನೇ ಯುದ್ಧ ಬಾಳಿದ್ದು ಒಂದು ತಿಂಗಳಷ್ಟೇ. ಫೆಬ್ರವರಿಯ ಮೊದಲ ವಾರ ಜರ್ಮನ್ ಸ್ಟೂಕಾ ವಿಮಾನಗಳು ಬಾಂಬು ಹಾಕಿದವು. ಜೋಗೆ ಬಲವಾದ ಗಾಯ. ಲಾಂಡ್ಸ್‌ಬರ್ಗ್ ಊರಿನ ಸೋವಿಯತ್ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಗೆ ಭೇಟಿ ಕೊಟ್ಟವರು ಬೇರೆ ಯಾರೂ ಅಲ್ಲ, ಕೆಂಪುಸೇನೆಯ ದೊಡ್ಡ ಸೇನಾನಾಯಕ ಮಾರ್ಷಲ್ ಜಾರ್ಜಿ ಝುಕೊವ್. ಇಲ್ಲೊಬ್ಬ ಅಮೆರಿಕನ್ ಇದ್ದಾನೆ ಎಂಬುದೇ ಅವರಿಗೆ ಕುತೂಹಲ. ದುಭಾಷಿಯ ಮೂಲಕ ಮಾತಾಡಿಸಿ, ಅಮೆರಿಕನ್ನರನ್ನು ಸೇರಿಕೊಳ್ಳಲು ದಾರಿಯುದ್ದಕ್ಕೂ ತೋರಿಸಬಹುದಾದ ಪತ್ರ ಮಾಡಿಸಿಕೊಟ್ಟರು. ಝುಕೊವ್ ಹೆಸರಿರುವ ಕಾಗದವನ್ನು ಕೆಂಪುಸೇನೆಯಲ್ಲಿ ಯಾರು ಪ್ರಶ್ನಿಸುತ್ತಾರೆ? ಅದನ್ನು ಹಿಡಿದು ಅವನು ಮಾಸ್ಕೋ ಸೇರಿದ.

ಹತ್ತು ಬೆರಳು

ಆ ಪತ್ರ ಸೋವಿಯತ್ ಕಾವಲುಗಳನ್ನು ದಾಟಿಸಿತು. ಅಮೆರಿಕದ ಮೇಜನ್ನು ದಾಟಿಸಲಿಲ್ಲ. ಅದು ಸರಿಯೇ ಅನ್ನಬೇಕು. ಕಾಗದ ಯಾರ ಕೈಗಾದರೂ ಸಿಗಬಹುದು. ಕಾಗದವೂ ಬಿಲ್ಲೆಯ ಹಾಗೆಯೇ ಮೈಯಿಂದ ಹೊರಗಿರುವ ವಸ್ತು.

ಅಮೆರಿಕನ್ ಸೇನೆ 1906ರಿಂದಲೇ ತನ್ನ ಸೈನಿಕರ ಬೆರಳಚ್ಚು ತೆಗೆದಿಡುತ್ತಿತ್ತು. 1942ರಲ್ಲಿ ಸೇರುವಾಗ ಜೋ ಕೂಡ ಬೆರಳೊತ್ತಿದ್ದ. ಆ ಅಚ್ಚಿಗೂ ಮಾಸ್ಕೋದಲ್ಲಿ ತೆಗೆದ ಅಚ್ಚಿಗೂ ತಾಳೆ ಹಾಕಿದರು. ಹೊಂದಿತು. ಸತ್ತವರ ಪಟ್ಟಿಯಿಂದ ಹೆಸರು ಹೊರಬಂತು.

ಬೆರಳಚ್ಚು ಮೊದಲಿನಿಂದಲೂ ಇತ್ತಲ್ಲ, ನಾರ್ಮಂಡಿಯ ಹೆಣದ ಮೇಲೆ ಯಾಕೆ ಬಳಸಲಿಲ್ಲ ಎಂದು ಕೇಳಬಹುದು. ಹೆಣದ ಬೆರಳು ಅಚ್ಚು ತೆಗೆಯುವ ಸ್ಥಿತಿಯಲ್ಲಿ ಇರಬೇಕು. ಅಚ್ಚು ಅಟ್ಲಾಂಟಿಕ್ ದಾಟಿ ಹೋಗಬೇಕು. ಅಲ್ಲಿ ಲಕ್ಷಾಂತರ ಚೀಟಿಗಳ ನಡುವೆ ಒಬ್ಬರು ಕೂತು ಹೋಲಿಸಬೇಕು. ಹೆಸರೇ ಗೊತ್ತಿಲ್ಲದ ಹೆಣಕ್ಕೆ ಈ ಶ್ರಮ ಪಡುತ್ತಾರೆ. ಹೆಸರು ಸಿಕ್ಕಿದೆ ಎಂದುಕೊಂಡ ಹೆಣಕ್ಕೆ ಪಡುವುದಿಲ್ಲ. ಜೋನ ವಿಷಯದಲ್ಲಿ ಬಿಲ್ಲೆ ಕಳೆದುಹೋಗಿದ್ದರೆ ಇಷ್ಟು ತೊಂದರೆಯೇ ಇರಲಿಲ್ಲ. ಅವನು 'ಕಾಣೆ' ಎಂದಷ್ಟೇ ಉಳಿಯುತ್ತಿದ್ದ. ಬಿಲ್ಲೆ ತಪ್ಪು ಕೊರಳಲ್ಲಿ ಸಿಕ್ಕಿದ್ದೇ ಕಷ್ಟ ತಂದಿತು.

ಈಗ ಅಮೆರಿಕನ್ ಸೇನೆ ಸೈನಿಕರ ರಕ್ತದ ಮಾದರಿ ತೆಗೆದಿಟ್ಟುಕೊಂಡು, ಬೇಕಾದಾಗ ಡಿಎನ್‌ಎ ಹೋಲಿಸುತ್ತದೆ. ವಿಯೆಟ್ನಾಂ ಯುದ್ಧದ 'ಅಜ್ಞಾತ ಸೈನಿಕ' ಎಂದು ಆರ್ಲಿಂಗ್ಟನ್ ಸೇನಾ ಸ್ಮಶಾನದಲ್ಲಿ ಹೂಳಿದ್ದವನು ವಾಯುಸೇನೆಯ ಮೈಕೆಲ್ ಬ್ಲಾಸಿ ಎಂದು 1998ರಲ್ಲಿ ಪತ್ತೆಯಾದದ್ದು ಡಿಎನ್‌ಎಯಿಂದಲೇ. ಆದರೂ ಸೈನಿಕರು ಇವತ್ತಿಗೂ ಬಿಲ್ಲೆ ಹಾಕಿಕೊಳ್ಳುತ್ತಾರೆ.

ಆಮೇಲಿನ 59 ವರ್ಷ

1945ರ ಏಪ್ರಿಲ್ 21ರಂದು ಜೋ ಮಿಶಿಗನ್‌ಗೆ ಮರಳಿದ. ಎರಡು ವಾರ ಕಳೆದ ಮೇಲೆ ಯುರೋಪಿನ ಯುದ್ಧ ಮುಗಿಯಿತು. 1946ರಲ್ಲಿ ಮದುವೆಯಾಯಿತು. ಎಲ್ಲಿ ಅಂತೀರಿ? ಅವನಿಗಾಗಿ ಬಲಿಪೂಜೆ ನಡೆದಿದ್ದ ಚರ್ಚಿನಲ್ಲೇ. ಆ ಪೂಜೆ ಮಾಡಿದ್ದ ಪಾದ್ರಿಯೇ ಈ ಮದುವೆಯನ್ನೂ ಮಾಡಿಸಿದರು. ಮುಂದೆ ಬ್ರನ್ಸ್‌ವಿಕ್ ಕಂಪನಿಯಲ್ಲಿ 28 ವರ್ಷ ದುಡಿದ. 1994ರಲ್ಲಿ, ಡಿ-ಡೇಗೆ (ನಾರ್ಮಂಡಿಯಲ್ಲಿ ಸೇನೆ ಇಳಿದ ದಿನಕ್ಕೆ) 50 ವರ್ಷ ತುಂಬಿದಾಗ, ಶ್ವೇತಭವನದಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಮತ್ತು ರಷ್ಯದ ಅಧ್ಯಕ್ಷ ಬೋರಿಸ್ ಯೆಲ್ಟ್ಸಿನ್ ಇಬ್ಬರೂ ಅವನಿಗೆ ಪದಕ ಕೊಟ್ಟರು. ಮಗ ಜಾನ್ ಬೈರ್ಲಿ ವಿದೇಶಾಂಗ ಸೇವೆಗೆ ಸೇರಿ 2008ರಿಂದ 2012ರವರೆಗೆ ರಷ್ಯದಲ್ಲಿ ಅಮೆರಿಕದ ರಾಯಭಾರಿಯಾಗಿದ್ದರು. ಅದನ್ನು ನೋಡಲು ಜೋ ಇರಲಿಲ್ಲ. 2004ರ ಡಿಸೆಂಬರ್ 12ರಂದು, 81ನೇ ವಯಸ್ಸಿನಲ್ಲಿ, ತಾನು ತರಬೇತಿ ಪಡೆದಿದ್ದ ಟಕೋವಾಕ್ಕೆ ಹೋಗಿದ್ದಾಗ ತೀರಿಕೊಂಡ. ಮುಂದಿನ ಏಪ್ರಿಲ್‌ನಲ್ಲಿ ಆರ್ಲಿಂಗ್ಟನ್‌ನಲ್ಲಿ ಸೇನಾ ಗೌರವದೊಂದಿಗೆ ಮಣ್ಣು ಮಾಡಿದರು.

ಎಷ್ಟು ನಂಬಬೇಕು?

ಈ ಪ್ರಕರಣದ ಎಲ್ಲ ಭಾಗಗಳೂ ಒಂದೇ ತೂಕದವಲ್ಲ. ರೆಜಿಮೆಂಟಿನ ಜಿಗಿತ, ಕೈದಿಯ ಫೋಟೊ, ಸಾವಿನ ಸುದ್ದಿ, ಚರ್ಚಿನ ಪೂಜೆ, ಮರಳಿ ಬಂದ ದಿನ, ಇವಕ್ಕೆ ದಾಖಲೆಯ ಆಸರೆ ಇದೆ. ಐದು ಡಾಲರಿನ ಜಿಗಿತ, ಸಿಗರೇಟು ಪ್ಯಾಕು, ತಿಜೋರಿ, ಝುಕೊವ್ ಜೊತೆ ಆಡಿದ ಮಾತು ಹೆಚ್ಚಾಗಿ ಜೋನ ಬಾಯಿಂದಲೇ ಬಂದವು. ಟ್ಯಾಂಕಿನ ಮೇಲೆ ಕಳೆದ ದಿನಗಳಲ್ಲಿ ಅವನ ಹೆಸರನ್ನು ಯಾವ ಹಾಜರಿ ಪುಸ್ತಕದಲ್ಲೂ ಬರೆದುಕೊಂಡು ಕೂರುವವರಿರಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಮತ್ತು ಸೋವಿಯತ್ ಎರಡೂ ಸೇನೆಗಳಲ್ಲಿ ಹೋರಾಡಿದ 'ಏಕೈಕ' ಸೈನಿಕ ಎಂದು ಅವನ ಬಗ್ಗೆ ಬರೆಯುವವರೆಲ್ಲ ಬರೆಯುತ್ತಾರೆ. ಆ ಪದವನ್ನು ಮಾತ್ರ ನಾನು ಒಪ್ಪಲು ತಯಾರಿಲ್ಲ. ಜರ್ಮನಿಯ ಪೂರ್ವದ ಶಿಬಿರಗಳಲ್ಲಿ ಸಾವಿರಾರು ಅಮೆರಿಕನ್ ಕೈದಿಗಳಿದ್ದರು. 1945ರ ಚಳಿಗಾಲದ ಗಲಾಟೆಯಲ್ಲಿ ಎಷ್ಟೋ ಮಂದಿ ಕೆಂಪುಸೇನೆಯ ಹಾದಿಗೆ ಬಿದ್ದರು. ಅವರಲ್ಲಿ ಇನ್ನೊಬ್ಬ ಹೀಗೆಯೇ ಬಂದೂಕು ಹಿಡಿದು, ಮಾಸ್ಕೋ ತಲುಪುವ ಮೊದಲೇ ಸತ್ತಿದ್ದರೆ ಅವನ ಬೆರಳಚ್ಚನ್ನು ಯಾರೂ ಕೇಳಿರುವುದಿಲ್ಲ. 'ನಮಗೆ ಗೊತ್ತಿರುವ ಒಬ್ಬನೇ' ಎಂದರೆ ಸಾಕು.